ಬಟ್ಟೆ ವ್ಯಾಪಾರಿ ಖಲೀಫರಾದಾಗ

ಪ್ರವಾದಿ ಮುಹಮ್ಮದ್(ಸ)ರು ಇಹಲೋಕವನ್ನಗಲಿದ ಬಳಿಕ ಮುಸ್ಲಿಮರು ಹಝ್ರತ್ ಅಬೂಬಕರ್ ಸಿದ್ದೀಕ್(ರ)ರ ಕೈಯಲ್ಲಿ ಬೈಅತ್ ಮಾಡಿ ಅವರನ್ನು ತಮ್ಮ ನಾಯಕರನ್ನಾಗಿ ಸ್ವೀಕರಿಸಿದರು. ಅದು ಹಿಜ್ರಿ 11, ಕ್ರಿ.ಶ. 632. ಹೊಣೆ ಹೆಗಲಿಗೇರಿದ ಮರುದಿನ ಬೆಳಿಗ್ಗೆ ಹೊಸ ಖಲೀಫರು ಎಂದಿನಂತೆ ಬಟ್ಟೆಯ ಗಂಟನ್ನು ಹೆಗಲ ಮೇಲೆ ಹೊತ್ತು ಮದೀನಾದ ಪೇಟೆಯ ಕಡೆಗೆ ಹೊರಟರು.

ದಾರಿಯಲ್ಲಿ ಹ. ಉಮರ್(ರ) ಎದುರಾದರು. ಎಲ್ಲಿಗೆ ಹೊರಟಿದ್ದೀರಿ ಎಂದು ವಿಚಾರಿಸಿದರು. ಪೇಟೆಗೆ ಎಂಬ ಉತ್ತರ ಬಂತು. ಮುಸ್ಲಿಮರ ಆಡಳಿತದ ಹೊರೆಯನ್ನು ಹೊತ್ತವರು ಪೇಟೆಯಲ್ಲಿ ಬಟ್ಟೆ ಮಾರುತ್ತಾ ಕುಳಿತರೆ ಹೇಗೆ ಎಂಬುದು ಉಮರ್(ರ)ರ ಆಕ್ಷೇಪವಾಗಿತ್ತು. ಹಾಗಾದರೆ ನನ್ನ ಮನೆಯವರಿಗೆ ಎಲ್ಲಿಂದ ಉಣಿಸಲಿ ಎಂಬುದು ಖಲೀಫರ ಮರುಪ್ರಶ್ನೆಯಾಗಿತ್ತು.

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಆಳುವವನು ತನ್ನ ಹೊಟ್ಟೆಪಾಡಿನ ಹಿಂದೆ ಓಡಿದರೆ ಜನರ ಕೆಲಸ ಕೆಡುತ್ತದೆ. ಜನರ ಹಣದಿಂದ ಹೊಟ್ಟೆ ಹೊರೆಯತೊಡಗಿದರೆ ಎಷ್ಟು ಸಾಕು ಎಂಬ ಗಡಿ ಎಲ್ಲಿ? ಖಿಲಾಫತ್ತಿನ ಮೊದಲ ದಿನವೇ ಎದ್ದು ನಿಂತ ಪ್ರಶ್ನೆ ಇದು. ಅದನ್ನು ಅಬೂಬಕರ್(ರ) ಹೇಗೆ ನಿಭಾಯಿಸಿದರೆಂದು ತಿಳಿಯಬೇಕಾದರೆ ಹಣದೊಂದಿಗೆ ಅವರಿಗಿದ್ದ ಸಂಬಂಧ ಎಂತಹದೆಂದು ಮೊದಲು ತಿಳಿಯಬೇಕು.

ಅವರು ಬಡವರಾಗಿ ಹುಟ್ಟಿದವರಲ್ಲ. ಕುರೈಶರ ಬನೂ ತೈಮ್ ಗೋತ್ರದಲ್ಲಿ ಪ್ರವಾದಿವರ್ಯರಿಗಿಂತ ಸುಮಾರು ಎರಡು ವರ್ಷ ತಡವಾಗಿ ಜನಿಸಿದರು. ತಂದೆಯ ಹೆಸರು ಉಸ್ಮಾನ್, ಜನ ಕರೆಯುತ್ತಿದ್ದುದು ಅಬೂಕುಹಾಫಾ ಎಂದು. ಯೌವನದಿಂದಲೇ ಬಟ್ಟೆ ವ್ಯಾಪಾರದಲ್ಲಿ ತೊಡಗಿದ ಅಬೂಬಕರ್(ರ) ಮಕ್ಕಾದಲ್ಲಿ ಸತ್ಯಸಂಧ ವರ್ತಕರೆಂದು ಹೆಸರು ಗಳಿಸಿದ್ದರು. ಇಸ್ಲಾಮ್ ಸ್ವೀಕರಿಸಿದಾಗ ಅವರ ಬಳಿ 40,000 ದಿರ್ಹಮ್ ಇತ್ತೆಂದು ಚರಿತ್ರೆಕಾರರು ಬರೆದಿದ್ದಾರೆ. ಆ ಹಣ ಬಹುಬೇಗ ಕರಗಿತು. ಸುಡುವ ಮರಳಿನ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆ ಹೇರಲ್ಪಟ್ಟಿದ್ದ ಹ. ಬಿಲಾಲ್(ರ)ರನ್ನು ಅವರ ಯಜಮಾನನಿಂದ ಕೊಂಡು ಬಿಡುಗಡೆಗೊಳಿಸಿದರು. ಹ. ಆಮಿರ್ ಬಿನ್ ಫುಹೈರಾ(ರ)ರನ್ನೂ, ಹಿಂಸೆಗೊಳಗಾಗಿದ್ದ ಹಲವು ದಾಸಿಯರನ್ನೂ ಹೀಗೆಯೇ ಬಿಡಿಸಿದರು. ಬಿಡಿಸುವುದೇ ಆದರೆ ನಾಳೆ ನಿನ್ನ ಬೆನ್ನಿಗೆ ನಿಲ್ಲಬಲ್ಲ ಬಲಿಷ್ಠರನ್ನು ಬಿಡಿಸಬಾರದೇ ಎಂದು ತಂದೆ ವ್ಯವಹಾರದ ಮಾತಾಡಿದರು. ತಾನು ಬಯಸುವುದು ಅಲ್ಲಾಹನ ಸಂಪ್ರೀತಿಯನ್ನು ಮಾತ್ರ ಎಂದು ಮಗ ಉತ್ತರಿಸಿದರು.

ಕ್ರಿ.ಶ. 622ರಲ್ಲಿ ಹಿಜ್ರತ್ ಹೊರಟಾಗ ಉಳಿದಿದ್ದುದು ಸುಮಾರು 5,000 ದಿರ್ಹಮ್. ಅದನ್ನೂ ಜೊತೆಯಲ್ಲೇ ಒಯ್ದರು. ಕಣ್ಣು ಕಾಣದ ಮುದುಕ ಅಬೂಕುಹಾಫಾರಿಗೆ ಮೊಮ್ಮಕ್ಕಳ ಚಿಂತೆ ಹತ್ತಿತು. ಮಗ ಮನೆಯನ್ನು ಬರಿದುಮಾಡಿ ಹೋದನೇ ಎಂದು ಹಳಹಳಿಸಿದರು. ಆಗ ಹ. ಅಸ್ಮಾ(ರ) ಹಣ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಕಲ್ಲುಗಳನ್ನಿರಿಸಿ, ಮೇಲೊಂದು ಬಟ್ಟೆ ಹೊದಿಸಿ, ಅಜ್ಜನ ಕೈಯನ್ನು ಅದರ ಮೇಲಿಟ್ಟರು. ಮುದುಕನಿಗೆ ಸಮಾಧಾನವಾಯಿತು. ಮನೆಯಲ್ಲಿದ್ದುದು ಕಲ್ಲುಗಳು ಮಾತ್ರ!

ತಬೂಕ್ ಯುದ್ಧಸಿದ್ಧತೆಯ ಸಂದರ್ಭದಲ್ಲಿ ಉಮರ್(ರ) ತಮ್ಮ ಸಂಪತ್ತಿನ ಅರ್ಧವನ್ನು ತಂದೊಪ್ಪಿಸಿದಾಗ ಅಬೂಬಕರ್(ರ) ಮನೆಯಲ್ಲಿದ್ದುದೆಲ್ಲವನ್ನೂ ತಂದಿದ್ದ ಘಟನೆಯನ್ನು ನಮ್ಮ ಓದುಗರು ಬಲ್ಲರು. ಇಂತಹ ವ್ಯಕ್ತಿ ಜನರ ಹಣವನ್ನು ಮುಟ್ಟಲು ಹಿಂಜರಿದುದರಲ್ಲಿ ಅಚ್ಚರಿಯಿಲ್ಲ.

ಸಾರ್ವಜನಿಕ ಕೆಲಸಕ್ಕೆ ಪ್ರತಿಫಲ ಪಡೆಯುವುದು ತಪ್ಪೇನೂ ಅಲ್ಲ. ಝಕಾತನ್ನು ಸಂಗ್ರಹಿಸುವ ನೌಕರರಿಗೂ ಅದರಲ್ಲಿ ಪಾಲಿದೆಯೆಂದು ಪವಿತ್ರ ಕುರ್‌ಆನ್‌ನ ಅತ್ತೌಬಾ ಅಧ್ಯಾಯವೇ ಗೊತ್ತುಪಡಿಸಿದೆ. ಮಕ್ಕಾ ವಿಜಯದ ನಂತರ ಅಲ್ಲಿನ ಆಡಳಿತಾಧಿಕಾರಿಯಾಗಿ ನೇಮಕಗೊಂಡ ಹ. ಅತ್ತಾಬ್ ಬಿನ್ ಅಸೀದ್(ರ)ರಿಗೆ ಪ್ರವಾದಿವರ್ಯರು(ಸ) ದಿನಕ್ಕೊಂದು ದಿರ್ಹಮ್ ಗೊತ್ತುಮಾಡಿದ್ದರು. ಆದರೆ ಅವರೆಲ್ಲರ ಮೇಲೆ ಲೆಕ್ಕ ಕೇಳುವವರೊಬ್ಬರಿದ್ದರು. ಖಲೀಫರ ಮೇಲೆ ಯಾರಿದ್ದಾರೆ? ಬೈತುಲ್‌ಮಾಲ್‌ನ ಬೀಗದ ಕೈಯೇ ಅವರ ಕೈಯಲ್ಲಿತ್ತು.

ಆದ್ದರಿಂದ ಉಮರ್(ರ) ಖಲೀಫರನ್ನು ಹ. ಅಬೂಉಬೈದಾ(ರ)ರ ಬಳಿಗೆ ಕರೆದೊಯ್ದರು. ಈ ಸಮುದಾಯದ ಅಮೀನ್, ಅಂದರೆ ವಿಶ್ವಸ್ತ, ಎಂದು ಪ್ರವಾದಿವರ್ಯರಿಂದಲೇ ಕರೆಸಿಕೊಂಡವರು ಅವರು. ಅವರು ಹಾಕಿದ ಲೆಕ್ಕ ಹೀಗಿತ್ತು: ಮುಹಾಜಿರರಲ್ಲಿ ತೀರಾ ಸಿರಿವಂತನೂ ಅಲ್ಲದ, ತೀರಾ ಬಡವನೂ ಅಲ್ಲದ ಒಬ್ಬ ಸಾಮಾನ್ಯನ ಮನೆಗೆ ಸಾಕಾಗುವಷ್ಟು ಆಹಾರ, ಜೊತೆಗೆ ಚಳಿಗಾಲಕ್ಕೊಂದು, ಬೇಸಿಗೆಗೊಂದು ಉಡುಪು. ಉಡುಪು ಹಳತಾದರೆ ಅದನ್ನು ಮರಳಿಸಿ ಹೊಸತನ್ನು ಪಡೆಯಬೇಕು. ದಿನಕ್ಕೆ ಅರ್ಧ ಆಡಿನ ಮಾಂಸವೂ ಇದರಲ್ಲಿ ಸೇರಿತ್ತೆಂದು ವರದಿಯಿದೆ. ಹಣದ ರೂಪದಲ್ಲಿ ವರ್ಷಕ್ಕೆ 2,000 ದಿರ್ಹಮ್ ಗೊತ್ತುಮಾಡಲಾಯಿತೆಂದೂ, ವ್ಯಾಪಾರ ನಿಂತುಹೋದುದರಿಂದ ಕುಟುಂಬಕ್ಕೆ ಸಾಲದೆಂದು ಖಲೀಫರೇ ಹೇಳಿದಾಗ 500 ಹೆಚ್ಚಿಸಲಾಯಿತೆಂದೂ ಇನ್ನೊಂದು ವರದಿ ಹೇಳುತ್ತದೆ.

ಈ ಎರಡನೆಯ ವರದಿಯನ್ನು ನಮ್ಮ ಉಪನ್ಯಾಸಕಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳಬೇಕು. ಸಾಲದೆಂದು ಬಾಯಿಬಿಟ್ಟು ಕೇಳುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಹಸಿದು ತೋರಿಸುವ ಹಟವೂ ಅವರದಾಗಿರಲಿಲ್ಲ. ಕೇಳುವ ಹಕ್ಕು ಅವರದು, ಕೊಡುವ ತೀರ್ಮಾನ ಸಹಾಬಿಗಳದು. ತನ್ನ ವ್ಯಾಪಾರ ಮನೆಯವರನ್ನು ಸಾಕಲು ಅಸಮರ್ಥವಾಗಿರಲಿಲ್ಲವೆಂಬುದು ಜನರಿಗೆ ಗೊತ್ತಿದೆ, ಈಗ ಮುಸ್ಲಿಮರ ಕೆಲಸದಲ್ಲಿ ತೊಡಗಿರುವುದರಿಂದ ಅಬೂಬಕರನ ಮನೆಯವರು ಈ ಹಣದಿಂದ ಉಣ್ಣುವರು, ಆತ ಮುಸ್ಲಿಮರಿಗಾಗಿ ದುಡಿಯುವನು ಎಂದು ಅವರು ಬಹಿರಂಗವಾಗಿ ತಿಳಿಸಿದ್ದರೆಂದು ಹ. ಆಯಿಶಾ(ರ)ರ ವರದಿ ಬುಖಾರಿಯಲ್ಲಿದೆ.

ಇದನ್ನು ಬರೆಯುವಾಗ ನಮ್ಮ ರಾಜ್ಯದ ವಿಚಾರ ನೆನಪಾಗದೆ ಇರದು. ಶಾಸಕರ ವೇತನವನ್ನು ಶಾಸನಸಭೆಯೇ ಕಾನೂನಿನ ಮೂಲಕ ಗೊತ್ತುಪಡಿಸಬೇಕೆಂದು ನಮ್ಮ ಸಂವಿಧಾನದ 195ನೇ ವಿಧಿ ಹೇಳುತ್ತದೆ. ಸಂಸತ್ ಸದಸ್ಯರ ಮಟ್ಟಿಗೆ 106ನೇ ವಿಧಿ ಇದೆ. ಪಡೆಯುವವರೇ ಅಳೆಯುವವರೂ ಆಗಿದ್ದಾರೆ ಎಂದಾಯಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿಧಾನಮಂಡಲ ಶಾಸಕರ ತಿಂಗಳ ವೇತನವನ್ನು 40,000 ರೂಪಾಯಿಯಿಂದ 80,000ಕ್ಕೂ, ಮುಖ್ಯಮಂತ್ರಿಯವರದನ್ನು 75,000ದಿಂದ ಒಂದೂವರೆ ಲಕ್ಷಕ್ಕೂ ಏರಿಸಿತು. ಸದನದಲ್ಲಿ ಬೇರೆ ವಿಷಯಕ್ಕೆ ಗದ್ದಲ ನಡೆಯುತ್ತಿದ್ದಾಗಲೇ ಮಸೂದೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಭತ್ಯೆ, ಪಿಂಚಣಿಗಳ ಬಾಬತ್ತು ಬೇರೆ. ಇದೇ ತಿಂಗಳಲ್ಲಿ ಸಂಸತ್ ಸದಸ್ಯರ ವೇತನವನ್ನು ಒಂದು ಲಕ್ಷದಿಂದ 1.24 ಲಕ್ಷಕ್ಕೆ ಏರಿಸಿ, ಅದೂ 2023ರ ಏಪ್ರಿಲ್‌ನಿಂದ ಪೂರ್ವಾನ್ವಯವಾಗುವಂತೆ, ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತು. ಶಾಸಕರಿಗೆ ಸಂಬಳವೇ ಬೇಡವೆನ್ನುವುದು ನ್ಯಾಯವಲ್ಲ. ಸಂಬಳವಿಲ್ಲದಿದ್ದರೆ ಶ್ರೀಮಂತರಷ್ಟೇ ಶಾಸಕರಾಗಬೇಕಾದೀತು. ಆದರೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ನಮ್ಮೂರ ತಾಯಿಯೂ ಅಂಗಡಿಯಲ್ಲಿ ಒಂದು ಸಾಬೂನು ಕೊಂಡಾಗ ತೆರಿಗೆ ತೆರುತ್ತಾಳೆ. ಈ ಏರಿಕೆಗೆ ಅವಳ ಪಾಲೂ ಸೇರಿದೆ. ಅವಳ ಮನೆಯ ಖರ್ಚನ್ನು ಅಳತೆಗೋಲಾಗಿ ಇಟ್ಟುಕೊಂಡವರು ಯಾರೂ ಆ ಸದನದಲ್ಲಿ ಕಾಣಲಿಲ್ಲ.

ಇದೇ ದೇಶದಲ್ಲಿ ಬೇರೆ ಅಳತೆಯೂ ಇತ್ತು. 1931ರ ಕರಾಚಿ ಅಧಿವೇಶನದ ನಿರ್ಣಯಕ್ಕನುಗುಣವಾಗಿ 1937ರ ಕಾಂಗ್ರೆಸ್ ಮಂತ್ರಿಗಳು ತಿಂಗಳಿಗೆ 500 ರೂಪಾಯಿ ವೇತನಕ್ಕೆ ಒಪ್ಪಿಕೊಂಡಿದ್ದರು. ಆಗ ಗಾಂಧೀಜಿಯವರು ಸರಳ ಆಡಳಿತಕ್ಕೆ ಮಾದರಿಯಾಗಿ ಮಂತ್ರಿಗಳ ಮುಂದಿಟ್ಟ ಹೆಸರುಗಳಲ್ಲಿ ಅಬೂಬಕರ್(ರ) ಮತ್ತು ಉಮರ್(ರ) ಇದ್ದರು.

ಮದೀನಾಕ್ಕೆ ಮರಳೋಣ. ವ್ಯಾಪಾರವನ್ನು ಖಲೀಫರು ಒಮ್ಮೆಲೇ ಬಿಡಲಿಲ್ಲವೆಂದೂ, ಮೊದಲ ಆರು ತಿಂಗಳು ನಗರದ ಹೊರಗೆ ಸುನ್ಹ್ ಎಂಬಲ್ಲಿ ವಾಸವಾಗಿದ್ದು, ಕೆಲವೊಮ್ಮೆ ನಡೆದು, ಕೆಲವೊಮ್ಮೆ ಕುದುರೆಯೇರಿ ಮಸೀದಿಗೆ ಬಂದು ಹೋಗುತ್ತಿದ್ದರೆಂದೂ ಇಬ್ನು ಸಅದ್ ಬರೆದಿದ್ದಾರೆ. ಎರಡೂ ಒಟ್ಟಿಗೆ ಸಾಗದೆಂದು ಮನಗಂಡ ಮೇಲೆಯೇ ಅಂಗಡಿಯ ಲೆಕ್ಕ ಮುಗಿಸಿದರು. ಸುನ್ಹ್‌ನಲ್ಲಿ ನೆರೆಹೊರೆಯವರ ಆಡುಗಳ ಹಾಲು ಕರೆದುಕೊಡುವುದು ಅವರ ರೂಢಿಯಾಗಿತ್ತು. ಖಲೀಫರಾದ ಸುದ್ದಿ ಕೇಳಿ ನೆರೆಮನೆಯ ಹುಡುಗಿಯೊಬ್ಬಳು, ಇನ್ನು ನಮ್ಮ ಆಡುಗಳ ಹಾಲು ಕರೆಯುವವರಾರು ಎಂದು ಪೇಚಾಡಿದಳು. ಅದು ಅವರ ಕಿವಿಗೆ ಬಿತ್ತು. ಹೊಸ ಕೆಲಸ ಹಳೆಯ ಅಭ್ಯಾಸವನ್ನು ಬದಲಿಸದೆಂದು ಆಶಿಸುತ್ತೇನೆ ಎಂದು ಹೇಳಿ, ಹಾಲು ಕರೆಯುವುದನ್ನು ಮುಂದುವರಿಸಿದರು.

ಆ ಎರಡು ವರ್ಷಗಳು ಸುಲಭದ್ದಾಗಿರಲಿಲ್ಲ. ಅರೇಬಿಯಾದ ಹಲವು ಗೋತ್ರಗಳು ಝಕಾತ್ ಕೊಡಲು ನಿರಾಕರಿಸಿದವು. ಪ್ರವಾದಿವರ್ಯರ ಕಾಲದಲ್ಲಿ ಕೊಡುತ್ತಿದ್ದ ಒಂದು ಹಗ್ಗವನ್ನು ತಡೆಹಿಡಿದರೂ ಹೋರಾಡುವೆನೆಂದು ಖಲೀಫರು ಸಾರಿದರು. ಇಲ್ಲಿ ಉಮರ್(ರ)ರೇ ಮೊದಲು ಹಿಂದೇಟು ಹಾಕಿದರೆ, ಮೃದು ಸ್ವಭಾವದ ಅಬೂಬಕರ್(ರ) ಬಂಡೆಯಂತೆ ನಿಂತರು. ಬಡವರ ಹಕ್ಕಿನ ಹಣಕ್ಕಾಗಿ ಯುದ್ಧಕ್ಕಿಳಿದ ಮನುಷ್ಯ ಆ ಹಣದಿಂದ ತನ್ನ ಮನೆಗೆ ಹೋಗುವ ಒಂದೊಂದು ದಿರ್ಹಮನ್ನೂ ಎಣಿಸುತ್ತಿದ್ದರೆಂಬುದನ್ನು ಜೊತೆಯಲ್ಲೇ ಓದಬೇಕು.

ಬಂದ ಹಣ ಕೂಡಿಡಲ್ಪಡುತ್ತಿರಲಿಲ್ಲ. ಬಹ್ರೈನ್‌ನಿಂದ ಹಣ ಬಂದಾಗ, ಪ್ರವಾದಿವರ್ಯರು(ಸ) ಯಾರಿಗಾದರೂ ಮಾತು ಕೊಟ್ಟಿದ್ದರೆ ಅಥವಾ ಸಾಲವಿದ್ದರೆ ಬಂದು ಪಡೆಯಿರೆಂದು ಸಾರಿಸಿದರು. ಹ. ಜಾಬಿರ್(ರ) ಬಂದು ತಮಗಿದ್ದ ವಾಗ್ದಾನವನ್ನು ತಿಳಿಸಿದರು. ಖಲೀಫರು ಒಂದು ಬೊಗಸೆ ತುಂಬಿ ಕೊಟ್ಟು ಎಣಿಸಲು ಹೇಳಿದರು. 500 ಇತ್ತು. ಅದರ ಎರಡರಷ್ಟನ್ನು ಮತ್ತೆ ಸೇರಿಸಿ ಕೊಟ್ಟರು. ಉಳಿದುದನ್ನು ಹಂಚುವಾಗ ಗಂಡು ಹೆಣ್ಣು, ಯಜಮಾನ ಗುಲಾಮ, ಹಿರಿಯ ಕಿರಿಯ ಎಲ್ಲರಿಗೂ ಸಮಪಾಲು. ಮೊದಲು ಇಸ್ಲಾಮ್ ಸ್ವೀಕರಿಸಿದವರಿಗೆ ಹೆಚ್ಚು ಸಲ್ಲಬೇಕೆಂಬ ವಾದ ಬಂದಾಗ, ಆ ಶ್ರೇಷ್ಠತೆಯ ಪ್ರತಿಫಲ ಅಲ್ಲಾಹನ ಬಳಿಯಿದೆ, ಇದು ಜೀವನೋಪಾಯದ ವಿಷಯ, ಇಲ್ಲಿ ಸಮಾನತೆಯೇ ಲೇಸು ಎಂದು ತೀರ್ಮಾನಿಸಿದರು. ಸಮಪಾಲಿನ ವಾದದಿಂದ ಅತಿ ಹೆಚ್ಚು ನಷ್ಟವಾಗುತ್ತಿದ್ದುದು ಮೊತ್ತಮೊದಲು ಇಸ್ಲಾಮ್ ಸ್ವೀಕರಿಸಿದವರಲ್ಲೊಬ್ಬರಾದ ಅವರಿಗೇ! ಒಂದು ಚಳಿಗಾಲದಲ್ಲಿ ಮರುಭೂಮಿಯಿಂದ ಬಂದ ದಪ್ಪ ಬಟ್ಟೆಗಳನ್ನು ಕೊಂಡು ಮದೀನಾದ ವಿಧವೆಯರಿಗೆ ಹಂಚಿದರು. ಬಟ್ಟೆ ವ್ಯಾಪಾರಿಯ ಕಣ್ಣು ಆಗಲೂ ಕೆಲಸಕ್ಕೆ ಬಂದಿರಬೇಕು.

ಮನೆಯೊಳಗಿನ ಒಂದು ಪ್ರಸಿದ್ಧ ಘಟನೆಯಿದೆ. ಪತ್ನಿಗೆ ಸಿಹಿ ತಿನ್ನುವ ಆಸೆಯಾಯಿತು. ಕೊಳ್ಳಲು ತನ್ನ ಬಳಿ ಹಣವಿಲ್ಲವೆಂದರು ಖಲೀಫರು. ಆಕೆ ದಿನದ ಖರ್ಚಿನಲ್ಲೇ ಚೂರು ಚೂರು ಉಳಿಸಿ, ಕೆಲವು ದಿನಗಳ ಬಳಿಕ ಆ ಹಣವನ್ನು ಅವರ ಕೈಗಿತ್ತರು. ಅವರು ಅದನ್ನು ಬೈತುಲ್‌ಮಾಲ್‌ಗೆ ಮರಳಿಸಿದರು. ಇಷ್ಟು ಕಡಿಮೆಯಾದರೂ ಮನೆ ನಡೆಯುತ್ತದೆಂದು ಗೊತ್ತಾಯಿತೆಂದು ತಿಳಿಸಿ, ಮುಂದಿನ ದಿನಗಳ ಭತ್ಯೆಯಿಂದ ಅಷ್ಟನ್ನು ಕಡಿತಗೊಳಿಸಿದರು. ಈ ಕಥೆ ಕೇಳಿದಾಗ ನಮ್ಮ ಮನೆಗಳ ಹೆಣ್ಣುಮಕ್ಕಳು ಆ ತಾಯಿಯ ಬಗ್ಗೆ ಮರುಗುವುದುಂಟು. ಮರುಗುವುದು ಸಹಜವೇ. ಜನರ ಹಣ ಉಳಿದುದರ ಹಿಂದೆ ಆಕೆಯ ಬಾಯಿಯ ಸಿಹಿಯೂ ಇತ್ತು, ಆಕೆಯ ಹೆಸರಿನಲ್ಲಿ ಯಾರೂ ಭಾಷಣ ಮಾಡುವುದಿಲ್ಲ.

ಹಿಜ್ರಿ 13ರ ಜುಮಾದಲ್ ಆಖಿರ್‌ನಲ್ಲಿ ಅವರು ಜ್ವರದಿಂದ ಹಾಸಿಗೆ ಹಿಡಿದರು. ಸುಮಾರು ಹದಿನೈದು ದಿನ ನರಳಿದರು. ಸಹಾಬಿಗಳೊಂದಿಗೆ ಸಮಾಲೋಚಿಸಿ ಉಮರ್(ರ)ರನ್ನು ಉತ್ತರಾಧಿಕಾರಿಯಾಗಿ ಹೆಸರಿಸಿದರು. ಬಳಿಕ ಉಳಿದುದು ಲೆಕ್ಕ. ಖಲೀಫನಾದ ಮೇಲೆ ತನ್ನ ಸೊತ್ತಿನಲ್ಲಿ ಏನೇನು ಹೆಚ್ಚಾಗಿದೆಯೆಂದು ನೋಡಿ, ಅದನ್ನು ತನ್ನ ನಂತರದ ಖಲೀಫರಿಗೆ ಒಪ್ಪಿಸಬೇಕೆಂದು ಮಗಳು ಆಯಿಶಾ(ರ)ರಿಗೆ ತಾಕೀತು ಮಾಡಿದರು. ಪಡೆದ ಭತ್ಯೆಯ ಒಟ್ಟು ಮೊತ್ತ 6,000 ದಿರ್ಹಮ್‌ಗಳಷ್ಟಾಗಿತ್ತೆಂದೂ, ಅದಕ್ಕೆ ಬದಲಾಗಿ ತಮ್ಮದೊಂದು ತೋಟವನ್ನು ಬೈತುಲ್‌ಮಾಲ್‌ಗೆ ಬಿಟ್ಟುಕೊಡಲು ಹೇಳಿದರೆಂದೂ ವರದಿಯಿದೆ. ಹಕ್ಕಿನಿಂದ ಪಡೆದುದನ್ನೂ ಸಾಲವೆಂದೇ ಬಗೆದಿದ್ದರು.

ಕಫನ್‌ನ ಮಾತು ಬಂದಾಗ, ತಾನು ಉಟ್ಟಿದ್ದ ಹಳೆಯ ಬಟ್ಟೆಯನ್ನು ತೊಳೆದು, ಅದರೊಂದಿಗೆ ಇನ್ನೆರಡನ್ನು ಸೇರಿಸಿ ಹೊದಿಸಲು ಹೇಳಿದರು. ಇದು ಹಳತಾಯಿತಲ್ಲ ಎಂದರು ಮಗಳು. ಹೊಸ ಬಟ್ಟೆಗೆ ಸತ್ತವನಿಗಿಂತ ಬದುಕಿರುವವನೇ ಹೆಚ್ಚು ಹಕ್ಕುದಾರ ಎಂಬುದು ಆ ಹಳೆಯ ಬಟ್ಟೆ ವ್ಯಾಪಾರಿಯ ಉತ್ತರವಾಗಿತ್ತು. ಕ್ರಿ.ಶ. 634ರ ಆಗಸ್ಟ್‌ನಲ್ಲಿ, ತಮ್ಮ 63ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಪ್ರವಾದಿವರ್ಯರ(ಸ) ಪಕ್ಕದಲ್ಲೇ ಅವರನ್ನು ದಫನ ಮಾಡಲಾಯಿತು.

ಆಯಿಶಾ(ರ) ಲೆಕ್ಕ ನೋಡಿದರು. ಹೆಚ್ಚಾಗಿದ್ದುದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಗುಲಾಮ, ತೋಟಕ್ಕೆ ನೀರು ಹೊರುತ್ತಿದ್ದ ಒಂದು ಒಂಟೆ ಮತ್ತು ಐದು ದಿರ್ಹಮ್ ಬೆಲೆಬಾಳದ ಒಂದು ಹಳೆಯ ಹೊದಿಕೆ. ಇವು ಉಮರ್(ರ)ರ ಮುಂದೆ ಬಂದಾಗ ಅವರು ಕಣ್ಣೀರು ನೆಲಕ್ಕುದುರುವಂತೆ ಅತ್ತರು. ಅಬೂಬಕರ್ ತನ್ನ ನಂತರ ಬರುವವರನ್ನು ಬಹಳ ಕಷ್ಟಕ್ಕೆ ಸಿಲುಕಿಸಿ ಹೋದರೆಂದರು. ಇಂತಹ ಅಲ್ಪ ವಸ್ತುಗಳನ್ನು ಆ ಕುಟುಂಬದಿಂದ ಕಿತ್ತುಕೊಳ್ಳುವುದೇಕೆ, ಮರಳಿಸಿಬಿಡೋಣ ಎಂದು ಹ. ಅಬ್ದುರ‍್ರಹ್ಮಾನ್ ಬಿನ್ ಔಫ್(ರ) ಸಲಹೆ ಮಾಡಿದರು. ಮರಣಶಯ್ಯೆಯಲ್ಲಿ ಅವರು ಹೊರಹಾಕಿದುದನ್ನು ತಾನು ಅವರ ಮನೆಯೊಳಗೆ ಮರಳಿ ಕಳಿಸಲಾರೆನೆಂದು ಉಮರ್(ರ) ಒಪ್ಪಲಿಲ್ಲ.

ಆಮೇಲೆ ಉಮರ್(ರ) ಕೆಲವು ಸಹಾಬಿಗಳನ್ನು ಕರೆದುಕೊಂಡು ಹೋಗಿ ಬೈತುಲ್‌ಮಾಲ್‌ನ ಬಾಗಿಲು ತೆರೆದರು. ಒಳಗೆ ಏನೂ ಇರಲಿಲ್ಲ. ಮೂಲೆಯಲ್ಲಿದ್ದ ಖಾಲಿ ಚೀಲವೊಂದನ್ನು ಕೊಡವಿದಾಗ ಒಂದೇ ಒಂದು ದಿರ್ಹಮ್ ಕೆಳಗೆ ಬಿತ್ತು.