ನಾಲ್ವಡಿಯವರು ಕಳುಹಿಸಿದ ಕುದುರೆ ಪಡೆ

ನಮ್ಮ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಅಸ್ತಿಭಾರ ಹಾಕಿದ ನಾಲ್ವಡಿ ಕೃಷ್ಣರಾಜ ಒಡೆಯರನ್ನು ನೀವು ಬಲ್ಲಿರಿ. 1884ರಲ್ಲಿ ಜನಿಸಿ, ಹತ್ತನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, 1902ರಲ್ಲಿ ರಾಜ್ಯಾಧಿಕಾರ ವಹಿಸಿಕೊಂಡರು. ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾನಿಲಯ ಎಲ್ಲರ ಬಾಯಲ್ಲಿವೆ. ಯುದ್ಧದ ಮಾತು ಕಡಿಮೆ.

1914ರಲ್ಲಿ ಮಹಾಯುದ್ಧ ಶುರುವಾದಾಗ ಅವರು ಬ್ರಿಟಿಷರಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯನ್ನೂ ಕಳುಹಿಸಿದರು. 1918ರ ಸೆಪ್ಟೆಂಬರ್ 23ರಂದು ಆ ಸವಾರರು ಪವಿತ್ರ ನಾಡಿನ ಹೈಫಾ ಬಳಿ ಕಾರ್ಮೆಲ್ ಬೆಟ್ಟ ಹತ್ತಿದರು. ಹೌದು, ಪ್ರವಾದಿ ಎಲೀಯನ ಅದೇ ಬೆಟ್ಟ! ಎದುರಿಗೆ ತುರ್ಕಿಯವರ ಫಿರಂಗಿ, ಇವರ ಕೈಯಲ್ಲಿ ಈಟಿ. ಅಂದೇ ಪಟ್ಟಣ ವಶವಾಯಿತು. ಯುದ್ಧಕ್ಕೆ ಹೋದವರೆಲ್ಲ ಊರಿಗೆ ಮರಳಲಿಲ್ಲ.

ದೊರೆ 1940ರಲ್ಲಿ ತೀರಿಕೊಂಡರು. ದಿಲ್ಲಿಯ ತೀನ್ ಮೂರ್ತಿಯ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರೂ ಸೇರಿತು. ನಮ್ಮ ಕೆ.ಆರ್. ವೃತ್ತದಲ್ಲಿ ದೊರೆಯ ಪ್ರತಿಮೆಯಿದೆ. ಆ ಸವಾರರಲ್ಲಿ ಒಬ್ಬನ ಹೆಸರಾದರೂ ನಿಮ್ಮ ಮಕ್ಕಳಿಗೆ ಗೊತ್ತೇ?