ಕಡಲಾಚೆಗೆ ಹೋದ ಶ್ರಾವಕ

ಅಮೆರಿಕದ ಶಿಕಾಗೊ ನಗರದಲ್ಲಿ ವಿಶ್ವ ಸರ್ವಧರ್ಮ ಸಮ್ಮೇಳನ ನಡೆಯಲಿದೆ, ಜೈನಧರ್ಮದ ಪ್ರತಿನಿಧಿಯಾಗಿ ತಾವು ದಯಮಾಡಿಸಬೇಕು ಎಂಬ ಆಹ್ವಾನ ಆಚಾರ್ಯ ವಿಜಯಾನಂದ ಸೂರಿಗಳಿಗೆ ಬಂದಾಗ ಅವರು ಪಂಜಾಬಿನಲ್ಲಿ ವಿಹರಿಸುತ್ತಿದ್ದರು. ಆತ್ಮಾರಾಮಜಿ ಎಂದೇ ಜನರು ಕರೆಯುತ್ತಿದ್ದ ಈ ಶ್ವೇತಾಂಬರ ಆಚಾರ್ಯರ ವಿದ್ವತ್ತು ಯುರೋಪಿನ ಪಂಡಿತರಿಗೂ ತಿಳಿದಿತ್ತು. ಆದರೆ ಅವರು ಹೋಗುವುದಾದರೂ ಹೇಗೆ? ಜೈನ ಮುನಿಗೆ ವಾಹನವಿಲ್ಲ. ನಡೆಯುವ ನೆಲವನ್ನು ನೋಡಿಕೊಂಡು, ಇರುವೆಗೂ ನೋವಾಗದಂತೆ ಹೆಜ್ಜೆಯಿಡಬೇಕೆಂಬುದು ಈರ್ಯಾಸಮಿತಿ. ಆ ವ್ರತವನ್ನು ಹೊತ್ತವರು ಹಡಗನ್ನೇರಲಾರರು. ಒಂದು ಪ್ರಬಂಧವನ್ನು ಬರೆದು ಕಳುಹಿಸಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಆದರೆ ಪ್ರಬಂಧವು ಮರುಪ್ರಶ್ನೆಗೆ ಉತ್ತರ ಕೊಡಲಾರದು. ಹೀಗಾಗಿ ತಮಗೆ ಬದಲಾಗಿ ಒಬ್ಬ ಗೃಹಸ್ಥನನ್ನು ಕಳುಹಿಸಲು ಆಚಾರ್ಯರು ನಿಶ್ಚಯಿಸಿದರು. ಆ ಗೃಹಸ್ಥರೇ ವೀರಚಂದ ರಾಘವಜಿ ಗಾಂಧಿ.

ಇವರು ಮಹಾತ್ಮ ಗಾಂಧಿಯವರ ಬಂಧುವೇ ಎಂದು ಹಲವರು ಕೇಳುವುದುಂಟು. ಅಲ್ಲ. ಆದರೆ ಇಬ್ಬರಿಗೂ ಸ್ನೇಹವಿತ್ತು. ಬ್ಯಾರಿಸ್ಟರಾಗಿ ಮುಂಬಯಿಗೆ ಬಂದ ಮೋಹನದಾಸರು ಆಹಾರದ ಪ್ರಯೋಗಗಳಲ್ಲಿ ತೊಡಗಿದ್ದಾಗ ತಮ್ಮ ಜೊತೆಗಿದ್ದ ವೀರಚಂದರನ್ನು ಆತ್ಮಕಥೆಯಲ್ಲಿ ನೆನೆದಿದ್ದಾರೆ.

ವೀರಚಂದರು ಹುಟ್ಟಿದ್ದು 1864ರ ಆಗಸ್ಟ್ 25ರಂದು, ಸೌರಾಷ್ಟ್ರದ ಭಾವನಗರಕ್ಕೆ ಸೇರಿದ ಮಹುವಾ ಊರಿನಲ್ಲಿ. ತಂದೆ ರಾಘವಜಿಯವರು ಆಭರಣದ ವ್ಯಾಪಾರಿ. ಭಾವನಗರದಲ್ಲಿ ಮೆಟ್ರಿಕ್ ಮುಗಿಸಿದ ಬಾಲಕ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿ 1884ರಲ್ಲಿ ಆನರ್ಸ್ ಸಹಿತ ಬಿ.ಎ. ಪದವಿ ಪಡೆದರು. ಮರುವರ್ಷವೇ ಜೈನ್ ಅಸೋಸಿಯೇಷನ್ ಆಫ್ ಇಂಡಿಯಾದ ಗೌರವ ಕಾರ್ಯದರ್ಶಿಯ ಹೊಣೆ ಹೆಗಲೇರಿತು. ಈ ತರುಣನಿಗೆ ಸಮಾಜದ ಹಿರಿಯರು ಒಪ್ಪಿಸಿದ ಮೊದಲ ಕೆಲಸವೇ ಕಠಿಣವಾದದ್ದು. ಶತ್ರುಂಜಯ ಬೆಟ್ಟಕ್ಕೆ ಯಾತ್ರೆ ಬರುವ ಪ್ರತಿಯೊಬ್ಬನಿಂದಲೂ ಪಾಲೀತಾಣದ ಠಾಕೂರರು ತಲೆಗಂದಾಯ ವಸೂಲಿ ಮಾಡುತ್ತಿದ್ದರು. ಬಡ ಯಾತ್ರಿಕರಿಗೆ ಅದು ದೊಡ್ಡ ಹೊರೆ. ವೀರಚಂದರು ಮುಂಬಯಿಯ ಗವರ್ನರ್ ಲಾರ್ಡ್ ರೇ ಅವರವರೆಗೂ ಹೋಗಿ ವಾದ ಮಂಡಿಸಿದರು. 1886ರಲ್ಲಿ ಒಪ್ಪಂದವಾಯಿತು. ವರ್ಷಕ್ಕೆ 15,000 ರೂಪಾಯಿಯನ್ನು ಜೈನ ಸಮಾಜ ಒಟ್ಟಾಗಿ ಕೊಡುವುದು, 40 ವರ್ಷಗಳ ಕಾಲ ಯಾತ್ರಿಕರ ತಲೆಗಂದಾಯ ಇಲ್ಲದಿರುವುದು ಎಂದು ತೀರ್ಮಾನವಾಯಿತು.

ಎರಡನೆಯ ಹೋರಾಟವು ದಿಗಂಬರ ಶ್ವೇತಾಂಬರರಿಬ್ಬರ ಹೃದಯಕ್ಕೂ ಹತ್ತಿರವಾದದ್ದು. ಇಪ್ಪತ್ತು ಮಂದಿ ತೀರ್ಥಂಕರರು ಮುಕ್ತಿ ಪಡೆದ ಸಮ್ಮೇದ ಶಿಖರಜಿಯ ಪ್ರದೇಶದಲ್ಲಿ ಬೊಡ್ಡಮ್ ಎಂಬ ಆಂಗ್ಲನು ಹಂದಿಗಳನ್ನು ಕೊಂದು ಕೊಬ್ಬು ತೆಗೆಯುವ ಕಾರ್ಖಾನೆಯನ್ನು ಆರಂಭಿಸಿದ್ದನು. ಕೆಳಗಿನ ನ್ಯಾಯಾಲಯದಲ್ಲಿ ಜೈನರಿಗೆ ಜಯವಾಗಲಿಲ್ಲ. ಮೇಲ್ಮನವಿಗೆಂದು ವೀರಚಂದರು ಕಲ್ಕತ್ತಕ್ಕೆ ಹೋದರು. ಹಳೆಯ ದಾಖಲೆಗಳು ಬಂಗಾಳಿಯಲ್ಲಿದ್ದವು, ಅವರಿಗೆ ಬಂಗಾಳಿ ಬಾರದು. ಭಾಷಾಂತರಕಾರನೊಬ್ಬನಿಗೆ ಹಣ ಕೊಟ್ಟು ಕೆಲಸ ಮಾಡಿಸಬಹುದಿತ್ತು. ಹಾಗೆ ಮಾಡದೆ ಅವರು ಅಲ್ಲಿಯೇ ತಿಂಗಳುಗಟ್ಟಲೆ ಉಳಿದು ಬಂಗಾಳಿಯನ್ನು ಕಲಿತು, ದಾಖಲೆಗಳನ್ನು ತಾವೇ ಓದಿದರು. ಕೊನೆಗೆ ಆ ಕಾರ್ಖಾನೆ ನಿಂತುಹೋಯಿತು.

ಶಿಕಾಗೊದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಈ ಎಂಟು ವರ್ಷಗಳನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ನನಗಾದರೋ ಸಮ್ಮೇಳನದ ನಿಜವಾದ ಸಿದ್ಧತೆ ಇಲ್ಲಿಯೇ ಆಯಿತೆಂದು ತೋರುತ್ತದೆ. ತಮ್ಮ ಸಮಾಜದವರಿಗೆ ಹೇಳದೆಯೇ ಅರ್ಥವಾಗುವ ಸಂಗತಿಯನ್ನು ಅದರ ಗಂಧವೇ ಇಲ್ಲದ ಆಂಗ್ಲ ಅಧಿಕಾರಿಗೆ, ನ್ಯಾಯಾಧೀಶರಿಗೆ ಅವರ ನುಡಿಯಲ್ಲಿ, ಅವರ ತರ್ಕದಲ್ಲಿ ಬಿಡಿಸಿ ಹೇಳುವ ಅಭ್ಯಾಸ ಅವರಿಗೆ ಆಗಿತ್ತು. ಒಂದು ಬೆಟ್ಟ ಏಕೆ ಪವಿತ್ರ? ಹಂದಿಯನ್ನು ಕೊಂದರೆ ದೂರದ ಮುಂಬಯಿಯ ವರ್ತಕನಿಗೇಕೆ ನೋವು? ಇಂಥ ಪ್ರಶ್ನೆಗಳನ್ನು ಎದುರಿಸಿದವರಿಗೆ ಶಾಸ್ತ್ರ ಗೊತ್ತಿದ್ದರಷ್ಟೇ ಸಾಲದೆಂಬುದು ಬೇಗ ತಿಳಿಯುತ್ತದೆ.

ಇದನ್ನು ಅನುಭವದಿಂದಲೇ ಬರೆಯುತ್ತಿದ್ದೇನೆ. ಬಿ.ಎಡ್. ತರಬೇತಿಯಲ್ಲಿ ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಪಾಠವನ್ನು ಒಯ್ಯಬೇಕೆಂದು ನಮಗೆ ಕಲಿಸಿದ್ದರು, ನೂರಾರು ಪಾಠಯೋಜನೆಗಳನ್ನು ಬರೆದದ್ದೂ ಆಯಿತು. ಆದರೆ ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಜಿನೇಶ್ವರನು ವರವನ್ನೇ ಕೊಡುವುದಿಲ್ಲವೆಂದ ಮೇಲೆ ನೀವು ಬಸದಿಗೆ ಹೋಗುವುದೇಕೆ ಎಂದು ನನ್ನನ್ನು ಕೇಳಿದಳು. ಹುಟ್ಟಿದಾಗಿನಿಂದ ಬಸದಿಯ ಮೆಟ್ಟಿಲು ಹತ್ತಿದ ನಾನು ಅದು ನಮ್ಮ ಸಂಪ್ರದಾಯ ಎಂದಷ್ಟೇ ಹೇಳಿ ಪಾಠವನ್ನು ಮುಂದುವರಿಸಿದೆ. ಆ ಹುಡುಗಿ ಕುಳಿತುಕೊಂಡ ರೀತಿ ಇಂದಿಗೂ ಕಣ್ಣ ಮುಂದಿದೆ.

ಆತ್ಮಾರಾಮಜಿಯವರು ತಮ್ಮ ಶಿಷ್ಯನನ್ನು ಸಿದ್ಧಗೊಳಿಸಿದ್ದು ಇಂಥ ಪ್ರಶ್ನೆಗಳಿಗಾಗಿಯೇ. ವೀರಚಂದರು ಆಚಾರ್ಯರ ಸನ್ನಿಧಿಗೆ ಹೋಗಿ ನಿಂತು ಜೈನ ದರ್ಶನವನ್ನು ಮತ್ತೆ ಆಳವಾಗಿ ಅಭ್ಯಾಸ ಮಾಡಿದರು. ಸಮ್ಮೇಳನಕ್ಕೆಂದು ಆಚಾರ್ಯರು ರಚಿಸಿದ ಗ್ರಂಥದ ಹೆಸರೇ ‘ಶಿಕಾಗೊ ಪ್ರಶ್ನೋತ್ತರ’. ಉಪನ್ಯಾಸದ ರೂಪವನ್ನು ಬಿಟ್ಟು ಪ್ರಶ್ನೋತ್ತರದ ರೂಪವನ್ನು ಅವರು ಆರಿಸಿಕೊಂಡದ್ದನ್ನು ಗಮನಿಸಬೇಕು. ಈಶ್ವರನೆಂದರೆ ಯಾರು, ಜಗತ್ತಿಗೆ ಕರ್ತನುಂಟೆ, ಕರ್ಮವು ಜೀವವನ್ನು ಹೇಗೆ ಬಂಧಿಸುತ್ತದೆ ಎಂದು ಎದುರಿನವನು ಕೇಳಬಹುದಾದುದನ್ನು ಮೊದಲೇ ಊಹಿಸಿ ಉತ್ತರ ಹುಡುಕುವ ಕ್ರಮವದು. ನನ್ನ ವಿದ್ಯಾರ್ಥಿನಿಗೆ ಸಲ್ಲಬೇಕಾಗಿದ್ದ ಉತ್ತರವೂ ಈ ದಾರಿಯಲ್ಲಿಯೇ ಇದೆ. ಜಿನನು ಕೊಡುವವನಲ್ಲ, ಆತನಲ್ಲಿರುವ ಗುಣಗಳನ್ನು ನಮ್ಮಲ್ಲಿ ತಂದುಕೊಳ್ಳುವುದಕ್ಕಾಗಿ ಆತನ ಎದುರು ನಿಲ್ಲುತ್ತೇವೆ.

ಆ ದಿನಗಳಲ್ಲಿ ಪಾಶ್ಚಾತ್ಯರಿಗೆ ಜೈನಧರ್ಮದ ಬಗ್ಗೆ ತಿಳಿದಿದ್ದುದು ಅತ್ಯಲ್ಪ. ಅದು ಬೌದ್ಧಧರ್ಮದ ಒಂದು ಶಾಖೆಯೆಂದು ಬಹುಕಾಲ ಪಂಡಿತರೇ ಬರೆದಿದ್ದರು. ಜರ್ಮನಿಯ ಹರ್ಮನ್ ಯಾಕೋಬಿಯವರು ಅದು ಸ್ವತಂತ್ರ ಧರ್ಮವೆಂದು ಆಧಾರಸಹಿತ ತೋರಿಸಿ, 1884ರಲ್ಲಿ ಆಗಮಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ್ದರು. ಆದರೆ ಸಾಮಾನ್ಯ ಜನರಿಗೆ ಅದೆಲ್ಲ ತಲಪಿರಲಿಲ್ಲ. ಹೆಸರನ್ನೇ ಕೇಳದವರ ಮುಂದೆ, ಕೆಲವೇ ನಿಮಿಷಗಳಲ್ಲಿ, ಪರಭಾಷೆಯಲ್ಲಿ ಹೇಳಬೇಕಾಗಿತ್ತು.

ಹೊರಡುವುದಕ್ಕೂ ಎದೆಗಾರಿಕೆ ಬೇಕಾಗಿತ್ತು. ಸಮುದ್ರ ದಾಟಿದವನನ್ನು ಜಾತಿಯಿಂದ ಹೊರಗಿಡುವ ಕಾಲವದು. ವೀರಚಂದರಿಗೆ ಪತ್ನಿಯಿದ್ದರು, ಸಂಸಾರವಿತ್ತು. ಬಹಿಷ್ಕಾರದ ಪೆಟ್ಟು ಅವರೊಬ್ಬರಿಗೇ ತಗಲುವಂಥದ್ದಲ್ಲ. ಆಹಾರದಲ್ಲಿ ದೋಷ ಬಾರದಿರಲೆಂದು ನಾಥು ಮಂಚಂದ್ ಎಂಬವರನ್ನು ಜೊತೆಗೆ ಕರೆದುಕೊಂಡು 1893ರ ಆಗಸ್ಟ್ ತಿಂಗಳಲ್ಲಿ ಅವರು ಮುಂಬಯಿಯಿಂದ ಹಡಗನ್ನೇರಿದರು.

ಸೆಪ್ಟೆಂಬರ್ 11ರಂದು ಸಮ್ಮೇಳನ ಆರಂಭವಾಯಿತು. ಕಾಠಿಯಾವಾಡಿ ಪೇಟ, ನಿಲುವಂಗಿ, ಹೆಗಲ ಮೇಲೆ ಶಾಲು ಧರಿಸಿದ್ದ ಇಪ್ಪತ್ತೊಂಬತ್ತರ ತರುಣರು ಸ್ವಾಗತಕ್ಕೆ ಉತ್ತರವಾಗಿ ಆಡಿದ್ದು ಕೆಲವೇ ಮಾತು. ತಮ್ಮ ಧರ್ಮವು ಬುದ್ಧನಿಗಿಂತ ಹಳೆಯದೆಂದು ತಿಳಿಸಿ, ತಮ್ಮನ್ನು ಕಳುಹಿಸಿದ ಗುರುಗಳ ಪರವಾಗಿ ವಂದನೆ ಸಲ್ಲಿಸಿ ಕುಳಿತರು. ಅದೇ ವೇದಿಕೆಯಲ್ಲಿ ಸ್ವಾಮಿ ವಿವೇಕಾನಂದರು ಅಂದು ಜಗತ್ತಿನ ಮನಸ್ಸನ್ನು ಗೆದ್ದುದು ಎಲ್ಲರಿಗೂ ಗೊತ್ತಿರುವ ವಿಷಯ.

ವೀರಚಂದರ ಸರದಿ ಬಂದದ್ದು 25ರಂದು. ಅಂದಿನ ಪ್ರಬಂಧದ ಬಂಧವನ್ನು ನೋಡಿದರೆ ಅವರೊಳಗಿನ ಅಧ್ಯಾಪಕ ಕಾಣಿಸುತ್ತಾರೆ. ತೀರ್ಥಂಕರರ ಹೆಸರುಗಳಿಂದಾಗಲಿ, ಧರ್ಮದ ಪ್ರಾಚೀನತೆಯ ಹೊಗಳಿಕೆಯಿಂದಾಗಲಿ ಅವರು ತತ್ತ್ವವನ್ನು ಪ್ರವೇಶಿಸಲಿಲ್ಲ. ವಸ್ತುವನ್ನು ನೋಡುವ ಎರಡು ಬಗೆಗಳನ್ನು ಮೊದಲಿಗೆ ಇಟ್ಟರು. ಒಂದು ದ್ರವ್ಯಾರ್ಥಿಕ ನಯ, ಇನ್ನೊಂದು ಪರ್ಯಾಯಾರ್ಥಿಕ ನಯ. ಬಂಗಾರದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಹೋಯಿತು, ಕಿರೀಟ ಬಂದಿತು, ಬಂಗಾರ ಉಳಿಯಿತು ಎಂದು ಸಮಂತಭದ್ರಾಚಾರ್ಯರ ದೃಷ್ಟಾಂತದ ಮೂಲಕ ನಾವು ಮಕ್ಕಳಿಗೆ ಹೇಳಿಕೊಡುವುದು ಇದನ್ನೇ. ದ್ರವ್ಯದ ದೃಷ್ಟಿಯಿಂದ ಜಗತ್ತಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಪರ್ಯಾಯದ ದೃಷ್ಟಿಯಿಂದ ಪ್ರತಿ ಕ್ಷಣವೂ ಸೃಷ್ಟಿ ಮತ್ತು ಲಯ ನಡೆದೇ ಇವೆ. ಜಗತ್ತನ್ನು ದೇವರು ಸೃಷ್ಟಿಸಿದನೆಂದು ನಂಬಿದ ಸಭೆಯ ಮುಂದೆ, ಸೃಷ್ಟಿಕರ್ತನನ್ನು ನಾವು ಒಪ್ಪುವುದಿಲ್ಲವೆಂದು ನೇರವಾಗಿ ಸಾರಿದ್ದರೆ ಕಿವಿಗಳು ಮುಚ್ಚಿಕೊಳ್ಳುತ್ತಿದ್ದವು. ಎರಡು ದೃಷ್ಟಿಗಳನ್ನು ಮೊದಲು ಕೊಟ್ಟದ್ದರಿಂದ ಆ ಮಾತನ್ನು ಕೇಳಿಸಿಕೊಳ್ಳುವ ಹದ ಸಭೆಗೆ ದೊರೆಯಿತು.

ಆಮೇಲೆ ಶ್ರುತಧರ್ಮ ಮತ್ತು ಚಾರಿತ್ರಧರ್ಮವೆಂಬ ವಿಭಾಗ, ನವತತ್ತ್ವಗಳು, ಆರು ಬಗೆಯ ಜೀವಕಾಯಗಳು, ನಾಲ್ಕು ಗತಿಗಳು. ತತ್ತ್ವಾರ್ಥಸೂತ್ರವನ್ನು ಓದಿ ಬೆಳೆದ ನಮ್ಮ ಮನೆಗಳಲ್ಲಿ ತತ್ತ್ವಗಳು ಏಳಲ್ಲವೇ ಎಂದು ಕೆಲವರಿಗೆ ಅನಿಸಬಹುದು. ಪುಣ್ಯ ಪಾಪಗಳನ್ನು ಬೇರೆಯಾಗಿ ಎಣಿಸಿದರೆ ಒಂಬತ್ತು, ಆಸ್ರವ ಬಂಧಗಳಲ್ಲಿ ಸೇರಿಸಿಕೊಂಡರೆ ಏಳು. ವಸ್ತುವಿನಲ್ಲಿ ವ್ಯತ್ಯಾಸವಿಲ್ಲ.

ಅದೇ ದಿನ ಇನ್ನೊಂದು ಘಟನೆ ನಡೆಯಿತು. ಲಂಡನ್ನಿನ ಪಾದ್ರಿ ಪೆಂಟೆಕಾಸ್ಟ್ ಅವರು ಹಿಂದೂ ದೇವಾಲಯಗಳಲ್ಲಿನ ದೇವದಾಸಿ ಪದ್ಧತಿಯನ್ನು ಎತ್ತಿಕೊಂಡು ಆ ಧರ್ಮದ ಮೇಲೆಯೇ ಕಟುವಾದ ಆಕ್ಷೇಪವನ್ನು ಹೊರಿಸಿದ್ದರು. ಜೈನಧರ್ಮವನ್ನು ಅವರು ಮುಟ್ಟಿರಲಿಲ್ಲ. ತಮ್ಮ ಪಾಲಿಗೆ ದೊರೆತ ಸಮಯವನ್ನು ತಮ್ಮ ಧರ್ಮಕ್ಕಷ್ಟೇ ಬಳಸಿಕೊಂಡಿದ್ದರೆ ವೀರಚಂದರನ್ನು ಯಾರೂ ದೂರುವಂತಿರಲಿಲ್ಲ. ಆದರೂ ಅವರು ಪ್ರಬಂಧಕ್ಕೆ ಮೊದಲು ಆ ಆಕ್ಷೇಪಕ್ಕೆ ಉತ್ತರ ಕೊಟ್ಟರು. ಸಮಾಜದಲ್ಲಿರುವ ಕೆಡುಕನ್ನು ಧರ್ಮದ ತಲೆಗೆ ಕಟ್ಟುವುದು ನ್ಯಾಯವಲ್ಲವೆಂಬುದು ಅವರ ವಾದದ ಸಾರ. ಅನೇಕಾಂತವನ್ನು ಅವರು ವಿವರಿಸುವ ಮೊದಲೇ ಸಭೆಯು ಅದನ್ನು ಕಂಡಿತ್ತು.

ಸಮ್ಮೇಳನ ಮುಗಿದರೂ ವೀರಚಂದರು ಕೂಡಲೇ ಹಿಂದಿರುಗಲಿಲ್ಲ. ಶಿಕಾಗೊ, ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳಲ್ಲಿ ಜೈನ ದರ್ಶನ, ಯೋಗ, ಕರ್ಮ ಸಿದ್ಧಾಂತಗಳ ಕುರಿತು ಉಪನ್ಯಾಸ ಮಾಡುತ್ತಾ ಸುತ್ತಿದರು. ಭಾರತೀಯ ಸ್ತ್ರೀಯರ ವಿದ್ಯಾಭ್ಯಾಸಕ್ಕೆಂದು ಅಲ್ಲಿಯವರ ನೆರವಿನಿಂದ ಸಂಸ್ಥೆಯೊಂದನ್ನು ಕಟ್ಟಿದರು. 1896-97ರ ಕ್ಷಾಮದಲ್ಲಿ ಅಮೆರಿಕದಲ್ಲಿ ಧಾನ್ಯವನ್ನೂ ಹಣವನ್ನೂ ಸಂಗ್ರಹಿಸಿ ಭಾರತಕ್ಕೆ ಕಳುಹಿಸಿದರು. ಸ್ವಾಮಿ ವಿವೇಕಾನಂದರು 1894ರಲ್ಲಿ ಜುನಾಗಢದ ದಿವಾನರಿಗೆ ಬರೆದ ಪತ್ರವೊಂದರಲ್ಲಿ, ಆ ಕೊರೆಯುವ ಚಳಿಯಲ್ಲಿಯೂ ಶುದ್ಧ ಸಸ್ಯಾಹಾರವನ್ನು ಬಿಡದ ಈ ಜೈನ ಗೆಳೆಯರನ್ನು ಮೆಚ್ಚಿಕೊಂಡು, ಕಳುಹಿಸಿದ ಜನರೇ ಅವರನ್ನು ಜಾತಿಯಿಂದ ಹೊರಹಾಕಲು ಹೊರಟಿದ್ದಾರೆಂದು ನೊಂದುಕೊಂಡಿದ್ದಾರೆ.

ಆ ಮಾತು ನಿಜವೇ ಆಗಿತ್ತು. 1895ರಲ್ಲಿ ಅವರು ಮುಂಬಯಿಗೆ ಮರಳಿದಾಗ ಸಮಾಜದ ಒಂದು ಗುಂಪು ಅವರಿಗೆ ಬಹಿಷ್ಕಾರ ಹಾಕಬೇಕೆಂದು ಪಟ್ಟುಹಿಡಿಯಿತು. ಶತ್ರುಂಜಯದ ಯಾತ್ರಿಕರಿಗಾಗಿ, ಶಿಖರಜಿಗಾಗಿ ಹೋರಾಡಿದ ಕೈಗಳವು. ಅದು ಆ ಗುಂಪಿಗೆ ನೆನಪಾಗಲಿಲ್ಲ. ಧರ್ಮಕ್ಕಾಗಿ ಹೋದವನಲ್ಲಿ ದೋಷವಿಲ್ಲವೆಂದು ಆತ್ಮಾರಾಮಜಿಯವರು ಅವರ ಬೆಂಬಲಕ್ಕೆ ನಿಂತರು. ಮರುವರ್ಷ, 1896ರಲ್ಲಿ, ಆಚಾರ್ಯರು ದೇಹತ್ಯಾಗ ಮಾಡಿದರು. ವೀರಚಂದರು ಗದ್ದಲಕ್ಕೆ ಗದ್ದಲದಿಂದ ಉತ್ತರ ಕೊಡದೆ ಮತ್ತೆ ಹಡಗನ್ನೇರಿದರು.

ನಮ್ಮ ಕರ್ನಾಟಕದ ಜೈನರಲ್ಲಿ ಹೆಚ್ಚಿನವರು ದಿಗಂಬರ ಪರಂಪರೆಯವರಾದುದರಿಂದ ವೀರಚಂದರ ಹೆಸರು ಇಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ಆದರೆ ಶಿಕಾಗೊದ ಸಭೆಯಲ್ಲಿ ಅವರು ಜೈನಧರ್ಮವೆಂದಾಗ ಅದರೊಳಗೆ ಶ್ರವಣಬೆಳಗೊಳವೂ ಇತ್ತು, ಮೂಡಬಿದಿರೆಯೂ ಇತ್ತು.

ಲಂಡನ್ನಿನಲ್ಲಿ ಹರ್ಬರ್ಟ್ ವಾರೆನ್ ಎಂಬ ಆಂಗ್ಲರು ಅವರ ಉಪನ್ಯಾಸಗಳನ್ನು ಕೇಳಿ ಶಿಷ್ಯರಾದರು, ಮಾಂಸಾಹಾರವನ್ನು ತೊರೆದರು, ಕೇಳಿದ್ದನ್ನೆಲ್ಲ ಶ್ರದ್ಧೆಯಿಂದ ಬರೆದಿಟ್ಟುಕೊಂಡರು. ಪ್ರಯಾಣ, ಚಳಿ, ಬಿಡುವಿಲ್ಲದ ದುಡಿಮೆಗಳಿಂದ ವೀರಚಂದರ ದೇಹ ಬಳಲಿತ್ತು. 1901ರಲ್ಲಿ ಅಸ್ವಸ್ಥರಾಗಿ ಭಾರತಕ್ಕೆ ಬಂದವರು ಆ ಆಗಸ್ಟ್ 7ರಂದು ತೀರಿಕೊಂಡರು. ಮೂವತ್ತೇಳು ತುಂಬಲು ಇನ್ನೂ ಹದಿನೆಂಟು ದಿನ ಉಳಿದಿತ್ತು. ಅವರ ಉಪನ್ಯಾಸಗಳನ್ನು ಭಗು ಕಾರ್‌ಭಾರಿಯವರು ಸಂಗ್ರಹಿಸಿ ಮುಂದೆ ಪುಸ್ತಕಗಳಾಗಿ ಹೊರತಂದರು. ವಾರೆನ್ ಅವರು ತಮ್ಮ ಟಿಪ್ಪಣಿಗಳ ಆಧಾರದಿಂದ 1912ರಲ್ಲಿ ಜೈನಧರ್ಮದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಅದರಲ್ಲಿರುವುದು ತಮ್ಮ ಗುರುವಿನಿಂದ ಕೇಳಿ ಕಲಿತದ್ದು ಎಂದು ತಿಳಿಸಿದರು.