ಟಾಟಾರವರ ವಿಮಾನವೂ ಬಳ್ಳಾರಿಯ ಅಂಚೆಯೂ

ಮುಂಬಯಿಯಿಂದ ಮದ್ರಾಸಿಗೆ ಹೋಗುವ ಕಾಗದಗಳು ಒಂದು ಕಾಲಕ್ಕೆ ನಮ್ಮ ಕಡೇಚೂರಿನ ಸೀಮೆಯಲ್ಲಿಯೇ, ಯಾದಗಿರಿಯ ಮಾರ್ಗವಾಗಿ, ಉಗಿಬಂಡಿಯಲ್ಲಿ ಸಾಗುತ್ತಿದ್ದವು. ಅವುಗಳಲ್ಲಿ ಕೆಲವನ್ನು ಆಕಾಶಮಾರ್ಗಕ್ಕೆ ಏರಿಸಿದ ಮಹನೀಯರು ಜೆ. ಆರ್. ಡಿ. ಟಾಟಾರವರು.

ಇವರು 1904ನೆಯ ಇಸವಿ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಪಾರಸಿಯವರು, ತಾಯಿ ಫ್ರೆಂಚರು. ಸಮುದ್ರತೀರದ ಇವರ ಬೇಸಿಗೆಯ ಮನೆಗೆ ನೆರೆಯವರಾಗಿದ್ದವರು, 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದ ಬ್ಲೇರಿಯೋ. ಬಾಲಕನ ಮನಸ್ಸು ಆಕಾಶದ ಕಡೆಗೆ ತಿರುಗಿದ್ದು ಅಲ್ಲಿಯೇ. 1929ರ ಫೆಬ್ರವರಿ 10ರಂದು ಇವರು ಪಡೆದ ವಿಮಾನಚಾಲಕರ ಲೈಸೆನ್ಸು ಭಾರತದಲ್ಲಿ ಮೊದಲನೆಯದಾಗಿತ್ತು.

ಇಂಗ್ಲೆಂಡಿನಿಂದ ಕರಾಚಿಯವರೆಗೆ ವಿಮಾನದಲ್ಲಿ ಬಂದ ಟಪಾಲು ಅಲ್ಲಿಂದ ಮುಂದೆ ನಿಧಾನವಾಗಿ ಬರುವದು ಇವರ ಮನಸ್ಸಿಗೆ ಬರಲಿಲ್ಲ. 1932ರ ಅಕ್ಟೋಬರ 15ರ ಬೆಳಿಗ್ಗೆ, ಒಂದೇ ಯಂತ್ರವುಳ್ಳ ಪುಟ್ಟ ಪುಸ್ ಮಾತ್ ವಿಮಾನದಲ್ಲಿ, ಸುಮಾರು 55 ಪೌಂಡು ಟಪಾಲಿನೊಡನೆ ಇವರು ಒಬ್ಬರೇ ಕರಾಚಿಯನ್ನು ಬಿಟ್ಟರು. ದಾರಿ ತೋರಿಸಲು ರೇಡಿಯೋ ಇರಲಿಲ್ಲ. ಅಹಮದಾಬಾದಿನಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು, ಮಧ್ಯಾಹ್ನ ಮುಂಬಯಿಯ ಜುಹೂ ಬಯಲನ್ನು ಮುಟ್ಟಿದರು.

ಕೀರ್ತಿಯೆಲ್ಲ ಇಷ್ಟಕ್ಕೇ ನಿಲ್ಲುವದು ನ್ಯಾಯವಲ್ಲ. ಅಲ್ಲಿಂದ ಚೀಲವನ್ನು ನಮ್ಮ ನೆರೆಯ ಬಳ್ಳಾರಿಯಲ್ಲಿಳಿದು ಮದ್ರಾಸಿಗೆ ಮುಟ್ಟಿಸಿದವರು ನೆವಿಲ್ ವಿನ್ಸೆಂಟರವರು. ಈ ಯೋಜನೆಯನ್ನು ಮೊದಲು ಟಾಟಾರವರ ಮುಂದಿಟ್ಟವರೂ ಇವರೇ. 1942ರಲ್ಲಿ, ಯುದ್ಧಕಾಲದ ವಿಮಾನಪ್ರಯಾಣವೊಂದರಲ್ಲಿ ಇವರು ತೀರಿಹೋದರು. ಈಗ ಇವರ ಹೆಸರನ್ನು ಬಲ್ಲವರು ಸ್ವಲ್ಪ ಜನ.

ಆ ದಿನದ ಮುದ್ರೆ ಹೊತ್ತ ಲಕೋಟೆಗಳು ಸಂಗ್ರಾಹಕರ ಬಳಿಯಲ್ಲಿ ಇಂದಿಗೂ ಉಳಿದಿರುತ್ತವೆ. ಬರೆದವರೂ ಓದಿದವರೂ ಹೋದರು, ಕಾಗದವು ಉಳಿಯಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯ ಸಂದೂಕದಲ್ಲಾದರೂ ಅಂಥ ಲಕೋಟೆಯು ಸಿಕ್ಕಿದರೆ, ತಿಕೀಟನ್ನು ಕಿತ್ತು ಮಕ್ಕಳ ಕೈಗೆ ಕೊಡಬಾರದೆಂದು ಬೇಡುತ್ತೇವೆ. ಮುದ್ರೆಯಿಲ್ಲದ ತಿಕೀಟು ಏನನ್ನೂ ಹೇಳಲಾರದು.

ಆ ಸಣ್ಣ ಟಪಾಲು ವಿಮಾನಗಳಿಂದ ಬೆಳೆದ ಸಂಸ್ಥೆಯೇ ಏರ್ ಇಂಡಿಯಾ. 1953ರಲ್ಲಿ ಸರಕಾರವು ಅದನ್ನು ವಹಿಸಿಕೊಂಡ ಮೇಲೆಯೂ ಟಾಟಾರವರು 1978ರವರೆಗೆ ಅಧ್ಯಕ್ಷರಾಗಿದ್ದರು. 1982ರಲ್ಲಿ, 78ನೆಯ ವಯಸ್ಸಿನಲ್ಲಿ, ಐವತ್ತು ವರುಷಗಳ ಹಿಂದಿನ ಆ ಹಾರಾಟವನ್ನು ಹಳೆಯ ಕಾಲದ ವಿಮಾನದಲ್ಲಿಯೇ ಕರಾಚಿಯಿಂದ ಮುಂಬಯಿಗೆ ಪುನಃ ಮಾಡಿದರು. 1992ರಲ್ಲಿ ಭಾರತರತ್ನ ಬಿರುದು ಇವರಿಗೆ ಬಂದಿತು. 1993ರ ನವಂಬರ 29ರಂದು ಜಿನೀವಾ ನಗರದಲ್ಲಿ ಕಾಲವಾದರು. ಮರುವರುಷ ಅಂಚೆ ಇಲಾಖೆಯು ಇವರ ಚಿತ್ರವಿರುವ ತಿಕೀಟನ್ನು ಹೊರಡಿಸಿತು.